ಕಣ್ಣು ತೆರೆದು ಮಾಡಿದ ಪ್ರಾರ್ಥನೆ

ಜನವರಿ 9

ಕರ್ತನಲ್ಲಿ ಪ್ರೀತಿಯ ತಂಗಿ ಗಿರಗಿಟ್ಲೆಗೆ,

ನಾವೆಲ್ಲರೂ ಕ್ಷೇಮವಾಗಿ ಬಂದು ಸೇರಿದೆವು. ವ್ಯಾನಿನಲ್ಲಿ ದಾರಿಯುದ್ದಕ್ಕೂ ಹಾಡಿಕೊಂಡೇ ಬಂದೆವು. ನಮ್ಮ ತಂಡದಲ್ಲಿ ಕೀಬೋರ್ಡ್ ನುಡಿಸುವ ತಮ್ಮನಿಗೆ ಗಂಟಲು ಕಟ್ಟಿಹೋಗಿದೆ. ನನಗೆ ಮಾತ್ರ ನಮ್ಮೂರ ಸಭೆಯ ಆ ಸಂಜೆಯಿಂದ ಇನ್ನೂ ಹೊರಗೆ ಬರಲಾಗಿಲ್ಲ.

ಇಷ್ಟು ವರ್ಷ ಊರೂರು ತಿರುಗಿ ಯಾರ್ಯಾರಿಗೋ ಪ್ರಾರ್ಥಿಸಿದೆ. ಕೋಲೂರಿಕೊಂಡು ಬಂದವರು ಕೋಲು ಬಿಟ್ಟು ಹೋದದ್ದನ್ನು ಕಂಡೆ. ಆದರೆ ಹೆತ್ತ ತಾಯಿಯ ಕಿವಿ ಮುಟ್ಟಿ ಪ್ರಾರ್ಥಿಸುವ ಧೈರ್ಯ ಬಂದಿರಲಿಲ್ಲ. ಮಗ್ಗದ ಶೆಡ್ಡಿನ ಸದ್ದು ತಿಂದುಹಾಕಿದ ಕಿವಿ ಅವು. ಆವತ್ತು ನಾನು ಚಿಕ್ಕವನಾಗಿ ಕೂರುತ್ತಿದ್ದ ಅದೇ ಬೆಂಚುಗಳ ಮುಂದೆ, ಜನರಿಗೆ ಎದುರಾಗಿ ನಿಂತಿದ್ದ ಅಮ್ಮನ ಬೆನ್ನಹಿಂದೆ ನಿಂತು ಎರಡು ಕಿವಿಗಳ ಮೇಲೂ ಕೈಯಿಟ್ಟೆ. ಕೈ ತೆಗೆದು, ಹಿಂದೆ ನಿಂತೇ, ಮೆಲ್ಲಗೆ ಕೇಳಿದೆ: "ಅಮ್ಮಾ, ಕೇಳಿಸ್ತಿದ್ಯಾ?" "ಕೇಳಿಸ್ತಿದೆ ಮಗನೇ" ಅಂದಳು. ಇನ್ನೂ ಮೆಲ್ಲಗೆ, "ನಾನು ಯಾರು?" ಅಂದೆ. "ನನ್ನ ಹೊಟ್ಟೇಲಿ ಹುಟ್ಟಿದೋನು" ಅಂದಳು. ನನ್ನ ಮುಖ ಅವಳಿಗೆ ಕಾಣುತ್ತಿರಲಿಲ್ಲ, ಗಿರಗಿಟ್ಲೆ. ನನ್ನ ಜೀವಮಾನಕ್ಕೆ ಅಷ್ಟು ಸಾಕು.

ನೀನು ಮಾತ್ರ ಕಿಟಕಿಗೆ ಒರಗಿ ಮುಖ ಗಂಟು ಹಾಕಿಕೊಂಡು ನಿಂತಿದ್ದೆ. ನಾನು ಗಮನಿಸಿದೆ. ಹೊಟ್ಟೆಕಿಚ್ಚು ಪಡಬೇಡ. ಆತ್ಮದ ವರಗಳು ಕೇಳಿದವರಿಗೆ ಸಿಗುತ್ತವೆ, ನಿನಗೂ ಸಿಗುತ್ತವೆ. ಆದರೆ ಮೊದಲು ಒಂದು ಕಡೆ ಕೂರುವುದನ್ನು ಕಲಿ. ಶಾಲೆ ಬಿಟ್ಟೆ, ಹೊಲಿಗೆ ತರಬೇತಿ ಬಿಟ್ಟೆ, ಅಚ್ಚುಮನೆ ಕೆಲಸ ಬಿಟ್ಟೆ. ಈಗ ಶೆಡ್ಡಾದರೂ ಉಳಿಯಿತಲ್ಲ, ಸ್ತೋತ್ರ.

ನಿನ್ನೆ ಅಮ್ಮನ ದನಿ ಕೇಳಬೇಕು, ನನ್ನ ದನಿ ಅವಳಿಗೆ ಕೇಳಿಸಬೇಕು ಅಂತ ಫೋನ್ ಮಾಡಿದೆ. ನೀನು ಎತ್ತಿ "ಅಮ್ಮ ಫೋನಲ್ಲಿ ಮಾತಾಡಲ್ಲ" ಅಂತ ಇಟ್ಟುಬಿಟ್ಟೆ. ಇದೇನು ಪೊಗರು? ಇರಲಿ, ಬೋರ್ಡಿಂಗ್ ಶಾಲೆಯ ಕಾಲದಿಂದ ನಮ್ಮ ಮನೆಯ ಮಾತೆಲ್ಲ ಕಾಗದದಲ್ಲೇ ಅಲ್ಲವೇ. ಅಮ್ಮನ ಸಾಕ್ಷಿಯನ್ನು ಅವಳ ಮಾತಿನಲ್ಲೇ ಬರೆದು ಕಳಿಸು. ಕೂಟಗಳಲ್ಲಿ ಓದಬೇಕು.

ನಿನ್ನ ಅಣ್ಣ

*

ಜನವರಿ 22

ಅಣ್ಣನಿಗೆ,

ಕಾಗದ ಬಂತು. ಉತ್ತರ ತಡವಾಯಿತು. ಅಮ್ಮ ಒಂದು ವಿಷಯ ನಿನಗೆ ಬರೆಯಬೇಡ ಅಂದಿದ್ದಾಳೆ. ನಾನು ಬರೆಯುವುದಿಲ್ಲ. ಆದರೆ ಬರೆಯದೆ ಇಟ್ಟ ವಿಷಯ ಒಂದಿದೆ ಎಂದು ಬರೆಯಬೇಡ ಅಂತ ಅವಳು ಹೇಳಿಲ್ಲ.

ಫೋನಿನಲ್ಲಿ ಪೊಗರು ತೋರಿಸಲಿಲ್ಲ. ಅಮ್ಮ ಫೋನಿನಲ್ಲಿ ಮಾತಾಡುವುದಿಲ್ಲ ಅಂದೆ. ಅದು ನಿಜ.

ನೀನು ಒಂಬತ್ತನೇ ವರ್ಷಕ್ಕೆ ಮನೆ ಬಿಟ್ಟವನು, ಶೆಡ್ಡಿನ ಒಳಗೆ ಒಂದು ದಿನವೂ ನಿಂತಿಲ್ಲ. ಅದಕ್ಕೇ ಸ್ವಲ್ಪ ಬರೆಯುತ್ತೇನೆ. ಅಲ್ಲಿ ಮಗ್ಗಗಳು ಶುರುವಾದ ಮೇಲೆ ಪಕ್ಕದವಳು ಕಿರುಚಿದರೂ ಕೇಳುವುದಿಲ್ಲ. ಆದ್ದರಿಂದ ಯಾರೂ ಕಿರುಚುವುದಿಲ್ಲ. ಗಂಟಲಿನಿಂದ ದನಿ ತೆಗೆಯದೆ ಬರೀ ತುಟಿ ಆಡಿಸುತ್ತಾರೆ, ಎದುರಿನ ಸಾಲಿನವರು ನೋಡಿ ತಿಳಿದುಕೊಳ್ಳುತ್ತಾರೆ. ಅಡುಗೆ, ಗಂಡನ ಜಗಳ, ಬಾಣಂತನ ಎಲ್ಲ ಹಾಗೇ ಸಾಗುತ್ತದೆ. ನಮ್ಮ ಮೇಸ್ತ್ರಿಗೆ ಗುಡುಗು ಅಂತ ಹೆಸರು, ಅವನೊಬ್ಬನೇ ಕೂಗುವುದು. ಅವನ ಎದುರಿಗೇ ನಿಂತು ಬೈದರೂ ತಿಳಿಯದು. ಮೊನ್ನೆ ಹಾಗೆ ಬೈಯುತ್ತಿದ್ದಾಗ "ಕೆಲಸದ ಹೊತ್ತಲ್ಲಿ ಪ್ರಾರ್ಥನೆ ಮಾಡ್ಬೇಡಿ" ಅಂದ. ನಾವೆಲ್ಲ ಆಮೆನ್ ಅಂದೆವು.

ಅಮ್ಮನ ಎದುರು ಮಗ್ಗ ಬಾಬಿನ್ ಚಿಕ್ಕಮ್ಮನದು. ಅವಳು ನಮಗೆ ರಕ್ತ ಸಂಬಂಧವಲ್ಲ, ನೀನು ಬಲ್ಲೆ. ಮೊದಲು ಬಾಬಿನ್‌ಗೆ ನೂಲು ಸುತ್ತುತ್ತಿದ್ದಳು, ಹೆಸರು ಹಾಗೇ ಉಳಿಯಿತು. ಅವಳ ತುಟಿಗೆ ಒಂದು ಅಭ್ಯಾಸವಿದೆ. ಯಾರು ಏನು ಹೇಳಿದರೂ ಅದನ್ನು ಅಮ್ಮನಿಗೆ ದಾಟಿಸುತ್ತದೆ. ಅವಳಿಗೇ ಗೊತ್ತಾಗುವುದಿಲ್ಲ, ನಿದ್ದೆಯಲ್ಲಿ ಕೆರೆದುಕೊಂಡ ಹಾಗೆ. ಸಭೆಯಲ್ಲಿ ನಮ್ಮ ಪಾದ್ರಿ ಅಯ್ಯನವರ ಪ್ರಸಂಗವನ್ನು ಅಮ್ಮ ನೋಡುವುದೂ ಚಿಕ್ಕಮ್ಮನ ತುಟಿಯಲ್ಲೇ. ಅಯ್ಯನವರು ಮುದುಕರು, ತಲೆ ಬಗ್ಗಿಸಿ ಮಾತಾಡುತ್ತಾರೆ, ಅವರ ತುಟಿ ಮೀಸೆಯೊಳಗೆ ಮುಳುಗಿರುತ್ತದೆ.

ಆ ಸಂಜೆ ಬಾಬಿನ್ ಚಿಕ್ಕಮ್ಮ ಎಲ್ಲಿ ಕೂತಿದ್ದಳು, ನೆನಪಿದೆಯಾ? ಇಷ್ಟೇ ನಾನು ಕೇಳುವುದು.

ಸಾಕ್ಷಿ ಕೇಳಿದೆ. ಅಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ: "ನನ್ನ ಮಗ ಒಳ್ಳೇವನು. ದೇವರು ಅವನನ್ನ ಕಾಪಾಡ್ಲಿ." ಇದು ಸಾಕ್ಷಿಯೋ ಅಲ್ಲವೋ ನೀನೇ ನೋಡಿಕೋ.

ಗಿರಗಿಟ್ಲೆ

*

ಫೆಬ್ರವರಿ 11

ಪ್ರೀತಿಯ ತಂಗಿಗೆ,

ಶೆಡ್ಡಿನ ಕತೆ ಓದಿ ನಮ್ಮ ತಂಡದವರೆಲ್ಲ ನಕ್ಕರು. ಅಮ್ಮ ಬರೆಯಬೇಡ ಅಂದದ್ದೇನೆಂದು ಊಹಿಸಲಾರದಷ್ಟು ದಡ್ಡನಲ್ಲ ನಾನು. ನನ್ನ ಮದುವೆಯ ವಿಚಾರ ತಾನೆ? ಹುಡುಗಿ ನೋಡಿದ್ದರೆ ನೋಡಿರಲಿ, ಈ ವರ್ಷ ಸೇವೆಯ ಒತ್ತಡವಿದೆ ಎಂದು ಹೇಳು. ಬಾಬಿನ್ ಚಿಕ್ಕಮ್ಮ ಮುಂದಿನ ಸಾಲಿನಲ್ಲೇ ಇದ್ದಳಲ್ಲ, ಅಳುತ್ತಿದ್ದಳು ಕೂಡ. ಪಾಪ, ಅವಳಿಗೂ ಪ್ರಾರ್ಥನೆ ಬೇಕಿತ್ತೇನೋ. ಆ ಗದ್ದಲದಲ್ಲಿ ನನಗೆ ಹೊಳೆಯಲಿಲ್ಲ.

ನೀನು ಕಳಿಸಿದ ಸಾಕ್ಷಿ ಚಿಕ್ಕದಾಯಿತು. ತಂಡದ ಅಕ್ಕ ಅದನ್ನು ಬೆಳೆಸಿ ಚೆನ್ನಾಗಿ ಬರೆದಿದ್ದಾರೆ. ಎಲ್ಲ ಕೂಟಗಳಲ್ಲೂ ಓದುತ್ತಿದ್ದೇವೆ. ಅದರ ಫಲ ಕೇಳು. ಹೋದ ವಾರ ಒಬ್ಬ ತಾಯಿ ಅದನ್ನು ಕೇಳುತ್ತ ಕೇಳುತ್ತ ಎದ್ದು ಬಂದು, ತನ್ನ ಪುಟ್ಟ ಮಗಳ ಕಿವಿಯ ಯಂತ್ರವನ್ನು ತೆಗೆದು ವೇದಿಕೆಯ ಮೇಲೆ ಇಟ್ಟಳು. "ಇನ್ನು ಇದು ಬೇಡ" ಅಂದಳು. ನಾನು ಮಗುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಸಭಿಕರೆಲ್ಲ ಎದ್ದು ನಿಂತರು. ಅಮ್ಮನ ನಂಬಿಕೆ ಎಷ್ಟು ದೂರ ನಡೆಯಿತು ನೋಡು.

ಏಪ್ರಿಲ್ ಕೊನೆಯಲ್ಲಿ ಇಲ್ಲಿ ಉಜ್ಜೀವನ ಕೂಟ. ದೊಡ್ಡ ಮೈದಾನ, ದೊಡ್ಡ ಪರದೆ. ಅಮ್ಮ ಬಂದು ತನ್ನ ಬಾಯಿಂದಲೇ ನಾಲ್ಕು ಮಾತು ಹೇಳಬೇಕು. ನಿಮ್ಮಿಬ್ಬರ ಟಿಕೆಟ್ ಇದರ ಜೊತೆಗಿದೆ. ಚಿಕ್ಕಮ್ಮ ಬರುವುದಾದರೆ ತಿಳಿಸು.

ನಿನ್ನ ಅಣ್ಣ

*

ಫೆಬ್ರವರಿ 27

ಅಣ್ಣನಿಗೆ,

ಅಮ್ಮ ಬರುವುದಿಲ್ಲ. "ಕಾಲು ನೋವು ಅಂತ ಬರಿ" ಅಂದಳು. ಕಾಲು ನೋವು ಅಂತ ಬರೆದಿದ್ದೇನೆ. ಅವಳಿಗೆ ಕಾಲು ನೋವಿಲ್ಲ. ಟಿಕೆಟ್ ವಾಪಸ್ಸು ಕಳಿಸಿದ್ದೇನೆ.

ನಿನ್ನ ಮದುವೆಗೆ ಇಲ್ಲಿ ಯಾರೂ ಹುಡುಗಿ ನೋಡಿಲ್ಲ. ಹುಡುಗಿಯರ ಅದೃಷ್ಟ.

ಇನ್ನೊಂದು ಸಂಗತಿ ಇದೆ. ಇದನ್ನು ಬರೆಯಬೇಡ ಅಂತ ಅಮ್ಮ ಹೇಳಿಲ್ಲ, ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ. ನೀನು ಹೋದ ಮೇಲೆ ಸಭೆಯಲ್ಲಿ ಕರ್ತನ ಭೋಜನ ನಡೆದಾಗ ಅಮ್ಮ ರೊಟ್ಟಿ ತೆಗೆದುಕೊಳ್ಳಲಿಲ್ಲ. ತಟ್ಟೆ ಕೈಗೆ ಬಂತು, ಹಾಗೇ ಪಕ್ಕಕ್ಕೆ ದಾಟಿಸಿದಳು. ಬಟ್ಟಲನ್ನೂ ದಾಟಿಸಿದಳು. ಮರೆತಳೇನೋ ಅಂದುಕೊಂಡೆ. ಮುಂದಿನ ತಿಂಗಳೂ ಹಾಗೇ ಮಾಡಿದಳು. ಅಪ್ಪ ಸತ್ತ ವಾರವೂ ತಪ್ಪಿಸದೆ ತೆಗೆದುಕೊಂಡವಳು ಅವಳು. ಆವತ್ತು ಅಯ್ಯನವರು "ಮನೇಲೇ ಇರಮ್ಮ, ನಾನೇ ತರ್ತೀನಿ" ಅಂದರೆ, "ದೇವರು ಕರೆದಿರೋ ಊಟಕ್ಕೆ ನಾನೇ ಹೋಗ್ಬೇಕು" ಅಂತ ನಡೆದು ಹೋಗಿದ್ದಳು. ಅಂಥವಳು ಈಗ ತಟ್ಟೆ ಬರುವ ಮುಂಚೆಯೇ ಕೈ ಮಡಿಚಿ ಕೂರುತ್ತಾಳೆ. ನನಗೆ ಅದನ್ನು ನೋಡಲಾಗುವುದಿಲ್ಲ. ಅವಳು ಮತ್ತೆ ಆ ತಟ್ಟೆಗೆ ಕೈ ಚಾಚಬೇಕು. ನನಗೆ ಬೇಕಾದ್ದು ಅದೊಂದೇ, ವರ ಗಿರ ಏನೂ ಬೇಡ.

ಯಾಕೆ ಹೀಗೆ ಮಾಡುತ್ತಿದ್ದಾಳೆ ಎಂದು ನಿನಗೆ ಹೊಳೆಯದಿದ್ದರೆ ನನ್ನ ಹಿಂದಿನ ಕಾಗದವನ್ನು ಇನ್ನೊಂದು ಸಲ ಓದು. ನಗದೆ ಓದು.

ಆ ಪುಟ್ಟ ಹುಡುಗಿ ಹೇಗಿದ್ದಾಳೆ? ಅವಳಿಗೆ ಕೇಳಿಸುತ್ತಿದೆಯಾ? ನಿನ್ನ ಕಾಗದ ಅಮ್ಮನಿಗೆ ಓದಿ ಹೇಳುವಾಗ ಆ ಭಾಗವನ್ನು ಮಾತ್ರ ಹಾರಿಸಿದೆ. ಅವಳಿಗೆ ಅದನ್ನು ಹೇಳಲು ನನ್ನ ತುಟಿ ಏಳಲಿಲ್ಲ.

ಗಿರಗಿಟ್ಲೆ

*

ಮಾರ್ಚ್ 10

ತಂಗಿಗೆ,

ನಿನ್ನ ಕಾಗದವನ್ನು ನಗದೆಯೇ ಓದಿದೆ. ನೀನು ಹೇಳಲು ಹೊರಟದ್ದು ಅರ್ಥವಾಯಿತು. ದೇವರು ಮಾಡಿದ ಕಾರ್ಯಕ್ಕೆ ಶೆಡ್ಡಿನ ಹೆಂಗಸರ ತುಟಿಯಾಟದ ಕಾರಣ ಕಟ್ಟುತ್ತಿದ್ದೀಯ. ಎಂಟನೇ ಕ್ಲಾಸಿಗೇ ಪುಸ್ತಕ ಬಿಸಾಕಿದವಳಿಂದ ನಾನು ದೇವರ ಕಾರ್ಯದ ಪಾಠ ಕಲಿಯಬೇಕಾಗಿಲ್ಲ. ಅಮ್ಮನ ಬಾಯಿಂದ ಬಂದ ಉತ್ತರವನ್ನು ಸಭೆಯೇ ಕೇಳಿದೆ. ಸಾವಿರಾರು ಜನ ಅದರಿಂದ ಬಲ ಪಡೆದಿದ್ದಾರೆ. ಈಗ ಅದು ಸುಳ್ಳು ಅಂದರೆ ಅವರೆಲ್ಲ ಏನಾಗಬೇಕು? ಅದನ್ನು ಯೋಚಿಸಿದ್ದೀಯಾ?

ಅಮ್ಮ ಭೋಜನ ಬಿಟ್ಟಿದ್ದರೆ ಅದಕ್ಕೆ ನಿನ್ನ ಅಪನಂಬಿಕೆಯ ಮಾತುಗಳೇ ಕಾರಣ. ಅವಳ ಮನಸ್ಸು ಕೆಡಿಸಬೇಡ.

ಆ ಹುಡುಗಿಯ ವಿಚಾರ ನೀನು ಕೇಳುವುದು ಬೇಡ.

ಟಿಕೆಟ್ ಮತ್ತೆ ಕಳಿಸಿದ್ದೇನೆ. ಅಮ್ಮ ಬರಲೇಬೇಕು.

ಅಣ್ಣ

*

ಮಾರ್ಚ್ 24

ಅಣ್ಣನಿಗೆ,

ಇದನ್ನು ಅಮ್ಮನ ಅಪ್ಪಣೆಯಿಂದ ಬರೆಯುತ್ತಿದ್ದೇನೆ. ಅವಳು ಎದುರಿಗೇ ಕೂತು ನೂಲಿನ ಗಂಟು ಬಿಡಿಸುತ್ತಿದ್ದಾಳೆ.

ನಿನ್ನ ಬೈಗುಳದ ಕಾಗದವನ್ನು ಅವಳಿಗೆ ತೋರಿಸಬಾರದು ಅಂತ ಹಾಸಿಗೆಯ ಕೆಳಗೆ ಇಟ್ಟಿದ್ದೆ. ಹಾಸಿಗೆ ಕೊಡವಿದಾಗ ಸಿಕ್ಕಿತು. "ಓದು" ಅಂದಳು. ಓದಿದೆ. ಎಂಟನೇ ಕ್ಲಾಸು ಅಂದದ್ದನ್ನೂ ಬಿಡಲಿಲ್ಲ. ನನ್ನ ತುಟಿಯಲ್ಲಿ ಅದನ್ನೆಲ್ಲ ನೋಡಿಯೂ ಅವಳು ಸಿಟ್ಟಾಗಲಿಲ್ಲ. "ಇವನು ಯಾವ ಹುಡುಗಿ ವಿಚಾರ ಕೇಳ್ಬೇಡ ಅಂತಾನೆ?" ಅಂದಳು.

ಆಗ ಫೆಬ್ರವರಿಯ ಕಾಗದ ತೆಗೆದು, ಹಾರಿಸಿದ ಭಾಗವನ್ನು ಓದಿದೆ. ಅಮ್ಮ ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಒದ್ದೆ ಕೈಯಲ್ಲೇ ಬಂದು ನಿಂತಳು.

"ಮಗುವಾ?"

"ಹೂಂ. ಪುಟ್ಟ ಮಗಳು ಅಂತ ಬರೆದಿದಾನೆ."

"ನನ್ನ ಕತೆ ಕೇಳಿ ತೆಗೆದ್ರಾ?"

"ಹೂಂ."

"ಬರಿ ಹಾಗಾದ್ರೆ. ಎಲ್ಲಾ ಬರಿ. ಅವನಿಗೆ ನೋವಾಗುತ್ತೆ ಅಂತ ನಾನು ಬಾಯಿ ಮುಚ್ಕೊಂಡೆ. ಯಾರದೋ ಮಗು ಕಿವಿ ಮುಚ್ಚಿಹೋಯ್ತು."

ಇನ್ನು ಮುಂದಿನದು ಅವಳು ಹೇಳಿದ್ದು. ನಾನು ಬರೀ ಬರೆಯುವವಳು.

ನೀನು "ಎಲ್ಲರೂ ಕಣ್ಣು ಮುಚ್ಚಿ" ಅಂದೆ. ಅಮ್ಮ ಮುಚ್ಚಿದಳು. ಅಣ್ಣ, ನಾವು ಕಣ್ಣು ಮುಚ್ಚಿದರೆ ಪಕ್ಕದವರ ಕೆಮ್ಮು, ಹೊರಗಿನ ಗಾಡಿ ಎಲ್ಲ ಇದ್ದೇ ಇರುತ್ತದೆ. ಅಮ್ಮ ಕಣ್ಣು ಮುಚ್ಚಿದರೆ ಅವಳಿಗೆ ಯಾರೂ ಇಲ್ಲ, ಏನೂ ಇಲ್ಲ. ಅಷ್ಟು ಕತ್ತಲೆ, ಅಷ್ಟು ಮೌನ. ಅಲ್ಲಿ ಇರುವವನು ದೇವರೊಬ್ಬನೇ. ಅವಳು ಇಷ್ಟು ವರ್ಷ ಪ್ರಾರ್ಥನೆ ಮಾಡಿದ್ದು ಹಾಗೆ. ಒಲೆ ಮೇಲೆ ಹಾಲು ಉಕ್ಕಿದರೂ ತೆರೆದವಳಲ್ಲ. ಆವತ್ತು ಮಾತ್ರ ತೆರೆದಳು. "ಎಷ್ಟೋ ವರ್ಷಕ್ಕೆ ಬಂದಿದಾನೆ, ನನಗೋಸ್ಕರ ಏನೋ ಹೇಳ್ತಿದಾನೆ, ಅದನ್ನ ನೋಡ್ಬೇಕು ಅನ್ನಿಸ್ತು" ಅಂದಳು. ಎದುರಿಗೆ ಬಾಬಿನ್ ಚಿಕ್ಕಮ್ಮ. ಅಳುತ್ತಿದ್ದಳು, ಆದರೂ ತುಟಿ ಆಡುತ್ತಿತ್ತು. ಅಮ್ಮಾ, ಕೇಳಿಸ್ತಿದ್ಯಾ. ನಾನು ಯಾರು. ಅಮ್ಮ ದಿನಾ ಶೆಡ್ಡಿನಲ್ಲಿ ಉತ್ತರ ಕೊಡುವ ಹಾಗೆ ಉತ್ತರ ಕೊಟ್ಟಳು. ಆಮೇಲೆ ಎಲ್ಲರೂ ಕೈ ತಟ್ಟುವುದು ಕಂಡಿತು, ನೀನು ಬಂದು ತಬ್ಬಿಕೊಂಡು ಅತ್ತೆ. ಏನಾಯಿತು ಎಂದು ಅರ್ಥವಾಗುವ ಹೊತ್ತಿಗೆ ಇಲ್ಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

ಚಿಕ್ಕಮ್ಮನಿಗೆ ನಾನೇ ಹೇಳಿದೆ. ಈಗ ಅವಳು ಸಭೆಯಲ್ಲಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಕೂರುತ್ತಾಳೆ. ಅಯ್ಯನವರು ಹಲ್ಲು ನೋವಾ ಅಂತ ಕೇಳಿದರು.

ಸುಳ್ಳು ಹೇಳಿದೆ ಎಂಬುದಕ್ಕಿಂತ ಕಣ್ಣು ತೆರೆದದ್ದೇ ಅಮ್ಮನಿಗೆ ದೊಡ್ಡದು. "ದೇವರ ಮುಂದೆ ನಿಂತು ಅವನಿಗೆ ಬೆನ್ನು ಹಾಕಿ ಮಗನ ಕಡೆ ನೋಡಿದೆ" ಅನ್ನುತ್ತಾಳೆ. ಅದಕ್ಕೇ ರೊಟ್ಟಿ ಮುಟ್ಟುತ್ತಿಲ್ಲ. ನಾನು ವಾದ ಮಾಡಿದೆ. ತಾಯಿ ಮಗನ ಕಡೆ ನೋಡಿದರೆ ದೇವರಿಗೆ ಯಾಕೆ ಕೋಪ ಅಂದೆ. ಅವಳು ಹೇಳಿದ್ದು: "ಕೋಪದ ಮಾತಲ್ಲ ಕಣೆ. ಕಿವಿ ಕೊಟ್ರೆ ಕೊಡ್ಲಿ, ಕೊಡದಿದ್ರೆ ಬಿಡ್ಲಿ, ಅದು ಅವನಿಷ್ಟ. ಅವನ ಮೇಲಿರೋ ಭಯಭಕ್ತಿ ಮಾತ್ರ ನಂದು. ಅದನ್ನ ಕೊಟ್ಟು ಕಿವಿ ತಗೊಂಡ ಹಾಗೆ ನಟನೆ ಮಾಡಿದ್ರೆ ನನ್ನ ಹತ್ರ ಏನುಳೀತು?"

ಸಾವಿರಾರು ಜನ ಏನಾಗಬೇಕು ಅಂತ ನೀನು ಕೇಳಿದ್ದೆ. ಅದು ನನಗೆ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ. ಹೊಟ್ಟೆಕಿಚ್ಚು ಅಂದಿದ್ದೆ, ಸ್ವಲ್ಪ ಇತ್ತು. ನಿನಗೆ ಚಪ್ಪಾಳೆ, ನನಗೆ ಬುದ್ಧಿಮಾತು. ಆದರೆ ಕಿಟಕಿಯ ಹತ್ತಿರ ಮುಖ ಗಂಟು ಹಾಕಿದ್ದು ಅದಕ್ಕಲ್ಲ. ಅಲ್ಲಿಂದ ನನಗೆ ಚಿಕ್ಕಮ್ಮನ ತುಟಿ ಕಾಣುತ್ತಿತ್ತು.

ಅಮ್ಮ ಈಗ ಕೇಳುತ್ತಿದ್ದಾಳೆ, ಬೈದು ಬರೆದಿದ್ದೀಯಾ ಅಂತ. ಇಲ್ಲ ಅಂದೆ. ಬೈದಿಲ್ಲ ತಾನೆ?

ಗಿರಗಿಟ್ಲೆ

*

ಮೇ 6

ಅಣ್ಣ,

ನಿನ್ನಿಂದ ಒಂದು ಸಾಲೂ ಇಲ್ಲ. ಕೂಟ ಮುಗಿದಿರಬೇಕು. ಫೋನ್ ಮಾಡಿದರೆ ಬೇರೆ ಯಾರೋ ಎತ್ತಿ "ಬ್ರದರ್ ಸಿಗಲ್ಲ" ಅನ್ನುತ್ತಾರೆ. ಅಂಚೆಯವನು ಬಂದರೆ ಅಮ್ಮ ಮಗ್ಗ ನಿಲ್ಲಿಸಿ ಬಾಗಿಲಿಗೆ ಬರುತ್ತಾಳೆ, ಗುಡುಗು ಗುಡುಗುತ್ತಾನೆ. ಅಯ್ಯನವರಿಗೆ ಅವಳು ಎಲ್ಲವನ್ನೂ ಹೇಳಿದಳು. ಅವರು "ಬಾಮ್ಮ, ರೊಟ್ಟಿ ತಗೋ" ಅಂದರು. "ನನ್ನ ಮಗ ಆ ಸಾಕ್ಷೀನ ಓದಿಸೋದು ನಿಲ್ಲಿಸ್ಲಿ, ಆಮೇಲೆ" ಅಂದಳು.

ಬೈಯುವುದಾದರೂ ಬರಿ.

*

ಜೂನ್ 2

ಗಿರಗಿಟ್ಲೆ,

ನಿನ್ನ ಮಾರ್ಚ್ ಕಾಗದ ಬಂದಾಗ ಹರಿದು ಹಾಕಬೇಕು ಅನ್ನಿಸಿತು. ಹರಿಯಲಿಲ್ಲ. ಅಮ್ಮನನ್ನು ಕರೆಸುವುದು ಬೇಡ, ಸಾಕ್ಷಿ ಓದುವುದನ್ನು ಸದ್ದಿಲ್ಲದೆ ಬಿಟ್ಟರಾಯಿತು, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಹಾಗೆಯೇ ಕೆಲವು ದಿನ ನಡೆಸಿದೆ ಕೂಡ.

ನಮ್ಮ ಆಫೀಸಿನಲ್ಲಿ ಒಂದು ಗಾಜಿನ ಕಪಾಟಿದೆ. ಜನ ಬಿಟ್ಟುಹೋದ ಕೋಲು, ಕನ್ನಡಕ, ಬೆನ್ನಿನ ಪಟ್ಟಿ ಎಲ್ಲ ಅದರಲ್ಲಿವೆ, ಬಂದವರಿಗೆ ತೋರಿಸುತ್ತೇವೆ. ಆ ಕಿವಿಯ ಯಂತ್ರವೂ ಅಲ್ಲೇ ಇತ್ತು. ಪ್ರತಿದಿನ ಅದರ ಮುಂದೆಯೇ ನಡೆದು ಹೋಗಬೇಕು. ಒಂದು ದಿನ ತೆಗೆದು ಜೇಬಿಗೆ ಹಾಕಿಕೊಂಡು ಅವರ ಮನೆ ಹುಡುಕಿಕೊಂಡು ಹೋದೆ. ತಾಯಿ ತುಂಬ ಮರ್ಯಾದೆಯಿಂದ ಕೂರಿಸಿದಳು. "ಈಗ ಚೆನ್ನಾಗಿ ಕೇಳಿಸ್ತಿದೆ ಬ್ರದರ್, ಶಾಲೇಲಿ ಮಾತ್ರ ಟೀಚರ್ ದೂರ್ತಾರೆ" ಅಂದಳು. ಹುಡುಗಿ ನನ್ನ ಮುಂದೆ ನಿಂತಳು. ಹಾಡ್ತೀಯಾ ಪುಟ್ಟಿ ಅಂದೆ, ಹೂಂ ಅಂದಳು. ಊಟ ಆಯ್ತಾ ಅಂದೆ, ಹೂಂ. ನಿನ್ನ ಹೆಸರೇನು ಅಂದೆ. ಅದಕ್ಕೂ ತಾಯಿಯ ಮುಖ ನೋಡಿ, ನಕ್ಕು, ಹೂಂ ಅಂದಳು.

ಆ ತಾಯಿಗೆ ಅಲ್ಲೇ ಎಲ್ಲವನ್ನೂ ಹೇಳಿದೆ. ಯಂತ್ರ ಕೊಟ್ಟೆ. ಅವಳು ನನ್ನನ್ನು ಬೈಯಲಿಲ್ಲ. ಮಗಳ ಕಿವಿಗೆ ಅದನ್ನು ಸಿಕ್ಕಿಸಲು ಹೋದಳು, ತಲೆಕೆಳಗಾಗಿ ಹಿಡಿದಿದ್ದಳು. ಹುಡುಗಿಯೇ ಸಿಕ್ಕಿಸಿಕೊಂಡಳು.

ಉಜ್ಜೀವನ ಕೂಟದಲ್ಲಿ ಮೊದಲ ಸಂಜೆಯೇ ನಿಂತು ಹೇಳಿಬಿಟ್ಟೆ. ನನ್ನ ತಾಯಿಗೆ ಕಿವಿ ಕೇಳಿಸುವುದಿಲ್ಲ, ನಾನು ತಪ್ಪು ತಿಳಿದೆ, ತಿಳಿದ ಮೇಲೂ ಸುಮ್ಮನಿದ್ದೆ, ಯಾರೂ ನನ್ನ ಮಾತು ನಂಬಿ ಔಷಧಿ ಬಿಡಬೇಡಿ ಅಂತ. ಸಾಕ್ಷಿ ಬರೆದ ಅಕ್ಕ ಮೈಕ್ ಆರಿಸಲು ಸನ್ನೆ ಮಾಡಿದರು. ಕೀಬೋರ್ಡ್ ತಮ್ಮ ಆರಿಸಲಿಲ್ಲ. ಜನ ಗಲಾಟೆ ಮಾಡುತ್ತಾರೆ ಎಂದು ಹೆದರಿದ್ದೆ. ಗಲಾಟೆ ಆಗಲಿಲ್ಲ, ಸಾಲು ಸಾಲಾಗಿ ಎದ್ದು ಹೋದರು. ಕುರ್ಚಿ ಎಳೆಯುವ ಸದ್ದು ತುಂಬ ಹೊತ್ತು ಇತ್ತು. ತಂಡ ಒಡೆಯಿತು. ಈಗ ಒಂದು ಬಾಡಿಗೆ ಕೋಣೆಯಲ್ಲಿ ಕೆಲವರು ಸೇರುತ್ತೇವೆ. ಹಗಲು ಒಂದು ಗೋದಾಮಿನಲ್ಲಿ ಸರಕು ಇಳಿಸುವ ಕೆಲಸಕ್ಕೆ ಹೋಗುತ್ತೇನೆ.

ಕೋಲು ಬಿಟ್ಟು ನಡೆದವರಲ್ಲಿ ಕೆಲವರಾದರೂ ನಿಜವಾಗಿ ನಡೆದರು ಎಂದು ಇವತ್ತಿಗೂ ನಂಬುತ್ತೇನೆ. ಆದರೆ ಅದು ನನ್ನ ಕೈಯಲ್ಲಿತ್ತು ಎಂದು ಹೇಳಲಾರೆ. ಅಮ್ಮ ಒಂದೇ ಒಂದು ಸಲ ಕಣ್ಣು ತೆರೆದದ್ದಕ್ಕೆ ಇಷ್ಟು ಬೆಂದಳು. ನಾನು ವೇದಿಕೆಯ ಮೇಲೆ ಯಾವತ್ತೂ ಪೂರ್ತಿ ಕಣ್ಣು ಮುಚ್ಚಿದವನಲ್ಲ. ಎಷ್ಟು ಜನ ಅಳುತ್ತಿದ್ದಾರೆ ಎಂದು ರೆಪ್ಪೆಯ ಸಂದಿಯಿಂದ ನೋಡುತ್ತಿದ್ದೆ. ದೇವರ ಭಯ ಎಂಬ ಮಾತನ್ನು ಎಷ್ಟು ಸಲ ಪ್ರಸಂಗ ಮಾಡಿದ್ದೇನೋ. ಅದು ನಮ್ಮ ಮನೆಯಲ್ಲೇ ಇತ್ತು, ಶೆಡ್ಡಿನ ಮಗ್ಗದ ಮುಂದೆ ನಿಂತಿತ್ತು.

ಎಂಟನೇ ಕ್ಲಾಸಿನ ಮಾತನ್ನು ಕ್ಷಮಿಸು.

ಮನೆಗೆ ಬರಬಹುದಾ? ಅಮ್ಮ ಏನನ್ನುತ್ತಾಳೆ ಕೇಳಿ ಬರಿ. ನನಗೆ ಅವಳ ಜೊತೆ ಮಾತಾಡಲು ಬರುವುದಿಲ್ಲ. ಕಿವಿ ಕೇಳದವರ ಮುಂದೆ ಎಲ್ಲರೂ ಮಾಡುವ ಹಾಗೆ ಇಷ್ಟು ವರ್ಷ ಕೂಗಿದ್ದೇನೆ ಅಷ್ಟೆ.

ಅಣ್ಣ

*

ಜುಲೈ 19

ಅಣ್ಣನಿಗೆ,

ನೀನು ಬಂದು ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ ಅಂತ ಬರೆಯಬೇಕು ಅಂದುಕೊಂಡೆ. ಹಾಗೇನಿಲ್ಲ. ಮಲಗಲು ಜಾಗ ಸಿಕ್ಕಿತು. ನೀನು ಗೊರಕೆ ಹೊಡೆಯುತ್ತೀಯ, ಅಮ್ಮ ಪುಣ್ಯವಂತೆ.

ಶೆಡ್ಡಿನವರೆಲ್ಲ ನಿನ್ನ ವಿಚಾರ ಕೇಳುತ್ತಾರೆ. ನೀನು ಬಾಗಿಲಲ್ಲಿ ನಿಂತು ಅಮ್ಮನಿಗೆ "ಊಟಕ್ಕೆ ಬಾ" ಅಂತ ತುಟಿ ಆಡಿಸಿದ್ದನ್ನು ಆ ಸಾಲಿನವರೆಲ್ಲ ನೋಡಿದರು. ಬಾಯಿ ಅಷ್ಟು ಅಗಲ ತೆರೆಯಬಾರದು. "ನಿನ್ನ ಮಗನಿಗೆ ಏನೋ ಗಂಟಲಲ್ಲಿ ಸಿಕ್ಕಿಕೊಂಡಿದೆ" ಅಂದಳಂತೆ ಕೊನೆಯ ಮಗ್ಗದವಳು. ಬಾಬಿನ್ ಚಿಕ್ಕಮ್ಮ ಬಾಯಿಂದ ಕೈ ತೆಗೆದಿದ್ದಾಳೆ. ನೀನು ಅವಳ ಕಾಲು ಮುಟ್ಟಲು ಹೋದದ್ದು ಅವಳಿಗೆ ಇನ್ನೂ ನಾಚಿಕೆ.

ಭಾನುವಾರದ್ದನ್ನು ನೀನೇ ನೋಡಿದ್ದೀಯ, ಆದರೂ ಬರೆಯುತ್ತೇನೆ. ತಟ್ಟೆ ಬಂದಾಗ ಅಮ್ಮ ನಿನ್ನ ಕಡೆ ತಿರುಗುತ್ತಾಳೆ, ನೀನು ಹೂಂ ಅಂದರೆ ತೆಗೆದುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ನಿನ್ನ ಕಡೆ ನೋಡಲೇ ಇಲ್ಲ. ಕೈ ಚಾಚಿ ತೆಗೆದುಕೊಂಡಳು, ಕಣ್ಣು ಮುಚ್ಚಿದಳು. ಎಲ್ಲರೂ ಎದ್ದು ಹಾಡಿ, ಹಾಡು ಮುಗಿಸಿ, ಕೂತರೂ ತೆರೆಯಲಿಲ್ಲ. ಅಯ್ಯನವರು ಪ್ರಸಂಗ ಶುರು ಮಾಡದೆ ಕಾದರು. ನನಗೆ ಕಾಲು ಜೋಮು ಹಿಡಿಯಿತು, ಆದರೂ ಅಲುಗಾಡಲಿಲ್ಲ.

ನಿನಗೆ ಗೊತ್ತಿಲ್ಲದ ಸಂಗತಿ ಒಂದಿದೆ. ನೀನು ಹೊರಡುವ ದಿನ ಬೆಳಿಗ್ಗೆ, ಚೀಲ ಕಟ್ಟಿಟ್ಟು, ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡಿದೆ. ನಮಗೆ ಎಚ್ಚರವಾಗದಿರಲಿ ಅಂತ ದನಿ ತೆಗೆಯಲಿಲ್ಲ. ಬರೀ ತುಟಿ ಆಡಿಸಿದೆ. ಬೆಳಕು ನಿನ್ನ ಮುಖದ ಮೇಲೇ ಬೀಳುತ್ತಿತ್ತು. ಅಮ್ಮನಿಗೆ ಎಚ್ಚರವಿತ್ತು. ಹಾಸಿಗೆಯಲ್ಲಿ ಕೂತಿದ್ದಳು. ನೀನು ಹೇಳುತ್ತಿದ್ದ ಒಂದೊಂದು ಮಾತೂ ಅವಳಿಗೆ, ಕಿವಿ ಇರುವವರಿಗೆ ಕೇಳುವುದಕ್ಕಿಂತ ಚೆನ್ನಾಗಿ, ತಿಳಿಯುವ ಹಾಗಿತ್ತು. ನೀನು ಹುಟ್ಟಿದಾಗಿನಿಂದ ನಿನ್ನ ಮಾತಿಗೆ ಹಸಿದವಳು ಅವಳು.

ಅಮ್ಮ ಗೋಡೆಯ ಕಡೆ ತಿರುಗಿ ಕೂತಳು.

ನಾನು ಗೋಡೆಯ ಕಡೆ ಸರಿದು, ಅವಳ ಭುಜ ಮುಟ್ಟಿ, ದನಿ ತೆಗೆಯದೆ, ನೋಡು, ನಿನ್ನ ವಿಚಾರಾನೇ ಹೇಳ್ತಿದಾನೆ ಅಂದೆ. ಅವಳು ತಿರುಗಲಿಲ್ಲ. "ಅವನು ದೇವರ ಹತ್ರ ಮಾತಾಡ್ತಿದಾನೆ, ನನ್ನ ಹತ್ರ ಅಲ್ಲ. ನಾನು ನೋಡ್ಬಾರ್ದು" ಅಂತ ತುಟಿಯಲ್ಲೇ ಅಂದಳು. ನೀನು ಆಮೆನ್ ಅಂದು ಎದ್ದು ಚೀಲ ಹಿಡಿಯುವ ತನಕ ಹಾಗೇ ಗೋಡೆ ನೋಡುತ್ತ ಕೂತಿದ್ದಳು.

ನಾನು ನೋಡಿದೆ. ಸುಳ್ಳು ಹೇಳುವುದಿಲ್ಲ, ಮೊದಲಿನಿಂದ ಕೊನೆಯವರೆಗೂ ನೋಡಿದೆ. ನೀನು ಏನು ಹೇಳಿದೆ ಎಂದು ಯಾರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಇದನ್ನು ಬರೆಯಬೇಡ ಅಂತ ಈ ಸಲ ಯಾರೂ ಹೇಳಿದ್ದಲ್ಲ.

ಮುಂದಿನ ಸಲ ಬಂದಾಗ ಆ ಕಡೆ ಮುಖ ಮಾಡಿ ಪ್ರಾರ್ಥಿಸು. ನನಗೆ ಇನ್ನೂ ಅಮ್ಮನ ಹಾಗೆ ತಿರುಗಿ ಕೂರಲು ಬಂದಿಲ್ಲ.

ಗಿರಗಿಟ್ಲೆ